ಹೊಸ ಪಿಸ್ತೂಲು ಎಡಕ್ಕೆ ಎಳೆಯುತ್ತದೆ ಎಂಬ ದೂರು

೧

ಈ ಕಥೆಯನ್ನು ಪಿಸ್ತೂಲಿನಿಂದ ಶುರು ಮಾಡಲೋ ಅಕ್ಕನಿಂದ ಶುರು ಮಾಡಲೋ ತಿಳಿಯುತ್ತಿಲ್ಲ. ಪಿಸ್ತೂಲಿನಿಂದ ಶುರು ಮಾಡಿದರೆ ನೀವು ಕೊಲೆಗಾಗಿ ಕಾಯುತ್ತೀರಿ. ಇದರಲ್ಲಿ ಯಾರೂ ಸಾಯುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಮಾಡಿದಳು ಅನ್ನಬೇಡಿ. ಅಕ್ಕನಿಂದ ಶುರು ಮಾಡಿದರೆ ಅವಳು ಒಪ್ಪುವುದಿಲ್ಲ.

"ನನ್ನ ವಿಷಯ ಯಾಕೆ? ಪಿಸ್ತೂಲಿನ ವಿಷಯ ಬರಿ," ಅನ್ನುತ್ತಾಳೆ ಕಥೆಯೊಳಗಿನ ಅಕ್ಕ, ಇನ್ನೂ ಸರಿಯಾಗಿ ಒಳಗೆ ಕಾಲಿಡುವ ಮೊದಲೇ.

೨

ಮೊದಲ ಕರಡು: "ಬೆಳಗಿನ ಬಿಸಿಲಿಗೆ ಕಪ್ಪು ಲೋಹ ಹಾವಿನಂತೆ ಹೊಳೆಯಿತು."

ಹರಿದು ಹಾಕಿದೆ. ನಮ್ಮ ಶೂಟಿಂಗ್ ರೇಂಜಿನೊಳಕ್ಕೆ ಬಿಸಿಲೇ ಬರುವುದಿಲ್ಲ. ಅದೊಂದು ನೆಲಮಾಳಿಗೆ, ಟ್ಯೂಬ್‌ಲೈಟು, ಮದ್ದಿನ ವಾಸನೆ, ಹೊಗೆ ಎಳೆಯುವ ಫ್ಯಾನಿನ ಗೊರಗೊರ. ಹಾವನ್ನಂತೂ ನಾನು ಹತ್ತಿರದಿಂದ ನೋಡಿಯೇ ಇಲ್ಲ. (ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ಕಥೆ ಬರೆಯಲು ಕೂತರೆ ಮೊದಲು ಬರುವುದೇ ಹಾವು, ಆಮೇಲೆ ಚಂದ್ರ. ಚಂದ್ರನನ್ನು ಹೇಗೋ ತಡೆದಿದ್ದೇನೆ.)

೩

ವಿಷಯ ಇಷ್ಟು. ಆಗ ಅಕ್ಕ ಆ ರೇಂಜಿನ ಕೋಚ್. ನಾನು ಅಲ್ಲಿ ಗುರಿಕಾಗದ ಅಂಟಿಸುತ್ತಿದ್ದೆ, ನೆಲಕ್ಕೆ ಬಿದ್ದ ಗುಂಡಿನ ಹಿತ್ತಾಳೆ ಕವಚಗಳನ್ನು ಗುಡಿಸುತ್ತಿದ್ದೆ. ಹಳೆಯ ತರಬೇತಿ ಪಿಸ್ತೂಲುಗಳನ್ನು ತೆಗೆದುಹಾಕಿ ಹೊಸವನ್ನು ಕೊಳ್ಳಬೇಕೆಂದು ರೇಂಜಿನ ಯಜಮಾನರು ಓಡಾಡುತ್ತಿದ್ದರು. ಸಣ್ಣ ವರ್ಕ್‌ಶಾಪಿನವರೊಬ್ಬರು ತಾವೇ ತಯಾರಿಸಿದ ಸೆಮಿ-ಆಟೊಮ್ಯಾಟಿಕ್ ತಂದರು. ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು. ಮುಂದಿನದನ್ನು ಅದೇ ತುಂಬಿಕೊಳ್ಳುತ್ತದೆ. ಅಕ್ಕ ಹೊಡೆದು ನೋಡಿ ಹೂಂ ಅಂದರೆ ಖರೀದಿ. ಊಹೂಂ ಅಂದರೆ ಅವರು ಪೆಟ್ಟಿಗೆ ಮುಚ್ಚಿಕೊಂಡು ಹೊರಡಬೇಕು.

ಅವರನ್ನು ಪಿಸ್ತೂಲಿನವರು ಎಂದು ಕರೆಯುತ್ತೇನೆ.

"ದರೋಡೆಗೆ ಬಂದವನ ಹಾಗಿದೆಯಲ್ಲಮ್ಮ," ಎಂದು ಅವರು ಗೊಣಗಿದರು. "ಬೇರೆ ಏನಾದ್ರೂ ಕರಿ."

"ಸುಮ್ನಿರಿ, ನಿಮ್ಮ ಡೈಲಾಗ್ ಇನ್ನೂ ಬಂದಿಲ್ಲ," ಅಂದೆ.

(ಹಾಳೆಯ ಮೇಲೆ ನಾನು ಇಷ್ಟು ಜೋರು. ಆವತ್ತು ಅವರಿಗೆ ಕುಡಿಯಲು ನೀರು ಬೇಕಾ ಎಂದು ಕೇಳಲೂ ನನಗೆ ನಾಲಿಗೆ ಏಳಲಿಲ್ಲ.)

೪

ಅಕ್ಕ ಪಿಸ್ತೂಲನ್ನು ಅಂಗೈಯಲ್ಲಿ ತೂಗಿ ನೋಡಿದಳು. ಹಿಡಿಯ ಒರಟನ್ನು ಹೆಬ್ಬೆರಳಿನಿಂದ ಸವರಿದಳು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಳು.

"ಹಿಡಿ ಚೆನ್ನಾಗಿ ಕೂರುತ್ತೆ."

"ನನ್ನ ಹೆಂಡ್ತಿ ಕೈಗೆ ಒಪ್ಪೋವರೆಗೂ ಉಜ್ಜಿದೀನಿ ಮೇಡಂ. ಅವಳು ಒಪ್ಪಿದ್ದನ್ನ ಲೋಕ ಒಪ್ಪದೆ ಇರುತ್ತಾ?"

ಯಜಮಾನರು ನಕ್ಕರು. ಅಕ್ಕ ಹೊಡೆದಳು. ನಾನು ತಂತಿ ಎಳೆದು ಗುರಿಕಾಗದವನ್ನು ಹತ್ತಿರ ತಂದೆ. ತೂತುಗಳೆಲ್ಲ ಕಪ್ಪು ವೃತ್ತವನ್ನು ಬಿಟ್ಟು ಕೆಳಗೆ, ಎಡಮೂಲೆಯಲ್ಲಿ, ಬಸ್ಸು ತಪ್ಪಿದವರ ಹಾಗೆ ಗುಂಪಾಗಿ ನಿಂತಿದ್ದವು.

"ಎಡಕ್ಕೆ ಎಳೆಯುತ್ತೆ," ಅಂದಳು ಅಕ್ಕ. "ಕೆಳಗೂ ಹೋಗುತ್ತೆ."

"ಇಲ್ಲ ಮೇಡಂ, ಎಳೆಯಲ್ಲ."

"ಹಾಗಾದ್ರೆ ಕಾಗದ ಸುಳ್ಳು ಹೇಳ್ತಿದೆಯಾ?"

"ನಾನು ಒಂದ್ಸಲ ಹೊಡೆದು ತೋರಿಸ್ಲಾ?"

ಯಜಮಾನರು ಅಡ್ಡ ಬಂದರು. "ಮಾಡಿದವರೇ ಹೊಡೆದು ತೋರಿಸಿದ್ರೆ ಅದು ಪರೀಕ್ಷೆ ಅಲ್ಲಪ್ಪ, ಜಾಹೀರಾತು. ನಮ್ಮ ಕೋಚ್ ಏನು ಹೇಳ್ತಾಳೋ ಅಷ್ಟೇ."

೫

ಇಲ್ಲಿ ಕಥೆ ನಿಲ್ಲಿಸಿ ಒಂದು ಮಾತು ಹೇಳಬೇಕು.

"ಹೇಳಬೇಡ," ಅಂದಳು ಅಕ್ಕ.

"ಹೇಳದಿದ್ರೆ ಓದೋರಿಗೆ ಅರ್ಥ ಆಗಲ್ಲ."

"ಅರ್ಥ ಆಗದಿದ್ರೆ ಏನು ಗಂಟು ಹೋಗುತ್ತೆ ಅವರದ್ದು?"

ಹೇಳುತ್ತೇನೆ. ಹಿಂದಿನ ವರ್ಷ ಒಂದು ಹಳೆಯ ಪಿಸ್ತೂಲು ಅಕ್ಕನ ಕೈಯಲ್ಲೇ ಸಿಡಿದುಹೋಯಿತು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ಅವಳು ರೇಂಜಿಗೆ ಬಂದಳು. ಎಲ್ಲರೂ ಗಟ್ಟಿಗಿತ್ತಿ ಅಂದರು. ಆದರೆ ಅಂದಿನಿಂದ, ಗುಂಡು ಹಾರುವ ಅರೆಗಳಿಗೆ ಮೊದಲು ಅವಳ ಕಣ್ಣು ಮುಚ್ಚಿಕೊಳ್ಳುತ್ತದೆ. ಏಟು ಬಂತು ಎಂದು ಮಣಿಕಟ್ಟು ಮುಂಚೆಯೇ ಕುಗ್ಗಿ, ನಳಿಗೆ ಕೆಳಗೆ ಎಡಕ್ಕೆ ವಾಲುತ್ತದೆ. ಬಲಗೈಯಲ್ಲಿ ಹಿಡಿದು ಹೆದರುವ ಹೊಸಬರ ಗುಂಡೆಲ್ಲ ಹೋಗುವುದು ಅಲ್ಲಿಗೇ. ಇದನ್ನು ನನಗೆ ಹೇಳಿಕೊಟ್ಟವಳೂ ಅಕ್ಕನೇ.

ಬೇರೆಯವರಿಗೆ ಇದು ಕಾಣುವುದಿಲ್ಲ. ಗುಂಡು ಹಾರಿದ ರಭಸಕ್ಕೆ ಕೈ ಹೇಗೂ ಜಿಗಿಯುತ್ತದೆ, ಆ ಗದ್ದಲದಲ್ಲಿ ಮೊದಲಿನ ಅಳುಕು ಮುಚ್ಚಿಹೋಗುತ್ತದೆ. ನಾನು ಪಿಸ್ತೂಲನ್ನು ನೋಡುತ್ತಿರಲಿಲ್ಲ. ಅವಳ ರೆಪ್ಪೆಯನ್ನು ನೋಡುತ್ತಿದ್ದೆ.

ಹೆದರುವ ಕೋಚನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಆವತ್ತು ತಪ್ಪು ಪಿಸ್ತೂಲಿನದೇ ಆಗಬೇಕಿತ್ತು. ಇಲ್ಲದಿದ್ದರೆ ಅಕ್ಕನದಾಗುತ್ತಿತ್ತು.

೬

ಪಿಸ್ತೂಲಿನವರು ಕಾಗದವನ್ನೇ ನೋಡುತ್ತ ನಿಂತರು. ಆಮೇಲೆ, ಯಾರ ಮುಖವನ್ನೂ ನೋಡದೆ, ಮೆಲ್ಲಗೆ ಕೇಳಿದರು: "ಒಂದು ಡಮ್ಮಿ ಸೇರಿಸಿ ಹೊಡೆಯೋಣವಾ ಮೇಡಂ?"

ಡಮ್ಮಿ ಅಂದರೆ ಮದ್ದಿಲ್ಲದ ಸುಳ್ಳುಗುಂಡು. ಹೊಸಬರ ಭಯ ಹಿಡಿಯಲು ಅದನ್ನು ನಿಜವಾದ ಗುಂಡುಗಳ ನಡುವೆ ಎಲ್ಲೋ ಗುಟ್ಟಾಗಿ ಸೇರಿಸುತ್ತಾರೆ. ಅದರ ಸರದಿ ಬಂದಾಗ ಬರೀ ಟಿಕ್. ಗುಂಡು ಇಲ್ಲ, ಏಟಿಲ್ಲ. ಆದರೂ ನಳಿಗೆ ತಲೆ ತಗ್ಗಿಸಿತೋ, ಎಲ್ಲರ ಕಣ್ಣಿಗೂ ಬೀಳುತ್ತದೆ. ಎಷ್ಟು ಜನ ವಿದ್ಯಾರ್ಥಿಗಳನ್ನು ಹೀಗೆ ಹಿಡಿದು ಅಕ್ಕ, "ಯಾರಿಗಪ್ಪಾ ನಮಸ್ಕಾರ ಮಾಡಿದ್ದು?" ಎಂದು ನಕ್ಕಿದ್ದಾಳೋ.

ಅದನ್ನು ಅಕ್ಕನಿಗೇ ಹೇಳುವುದೆಂದರೆ ಮೇಷ್ಟ್ರಿಗೆ ಮಗ್ಗಿ ಒಪ್ಪಿಸಿ ಅಂದ ಹಾಗೆ. ಯಜಮಾನರ ಮುಖ ಕೆಂಪಾಯಿತು. "ಏನ್ರೀ ಮಾತಾಡ್ತಿದೀರಾ?"

"ಸೇರಿಸಲಿ ಬಿಡಿ ಸಾರ್," ಅಂದಳು ಅಕ್ಕ. ಬೇಡ ಅಂದರೆ ಅಲ್ಲೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಪಿಸ್ತೂಲಿನವರಿಗೆ ಹೇಳಿದಳು: "ನೀವೇ ತುಂಬಿ ಕೊಡಿ. ನಾನು ಆ ಕಡೆ ತಿರುಗಿರ್ತೀನಿ."

೭

ಪಿಸ್ತೂಲಿನವರು ನಮಗೆಲ್ಲ ಬೆನ್ನು ಹಾಕಿ ಗುಂಡಿನ ಮ್ಯಾಗಜೀನ್ ತುಂಬತೊಡಗಿದರು. ನಮಗೆಲ್ಲ ಅಂದೆನಲ್ಲ, ಅದು ತಪ್ಪು. ನಾನು ಅವರ ಪಕ್ಕದಲ್ಲೇ ಗುಡಿಸುತ್ತಿದ್ದೆ, ನನ್ನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಕೆಂಪು ಡಮ್ಮಿಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮ್ಯಾಗಜೀನಿಗೆ ಬರೀ ನಿಜವಾದ ಗುಂಡುಗಳನ್ನೇ ತುಂಬಿದರು.

"ಯಾಕೆ ಹಾಕಲಿಲ್ಲ?" ಎಂದು ಈಗ ಕೇಳುತ್ತೇನೆ. "ಹಾಕಿದ್ರೆ ನಿಮ್ಮ ಪಿಸ್ತೂಲು ಅಲ್ಲೇ ಗೆಲ್ತಿತ್ತಲ್ಲ?"

"ನನ್ನನ್ನ ಕೇಳಿದ್ರೆ? ಬರೀತಿರೋಳು ನೀನು."

"ಅಯ್ಯೋ ಪಾಪ ಅನ್ನಿಸ್ತಾ?"

"ಬರ್ಕೋ."

"ಅಥವಾ ಉಪಾಯನಾ? ಡಮ್ಮಿ ಇದೆ ಅಂದ್ಕೊಂಡ ಕೈ ಅಳುಕಲ್ಲ ಅಂತ ಗೊತ್ತಿತ್ತಾ?"

"ಅದನ್ನೂ ಬರ್ಕೋ. ಎರಡೂ ಒಂದೇ ಜೇಬಲ್ಲಿ ಇರಬಾರದು ಅಂತ ಕಾನೂನಿದೆಯಾ?"

(ಇವರಿಗೆ ಇಷ್ಟು ಒಳ್ಳೆಯ ಮಾತು ಕೊಟ್ಟೆನೆಂದು ಅಕ್ಕ ಮುನಿಸಿಕೊಂಡಿದ್ದಾಳೆ.)

೮

ಅಕ್ಕ ಹೊಡೆದಳು. ಪ್ರತಿ ಸಲವೂ ಇದೇ ಡಮ್ಮಿ ಇರಬಹುದು, ಕೈ ಅಲುಗಬಾರದು ಎಂದು ಆ ಟಿಕ್ ಶಬ್ದಕ್ಕೇ ಕಾಯುತ್ತ ಹೊಡೆದಳು. ರೆಪ್ಪೆ ಅಲುಗಲಿಲ್ಲ. ಮಣಿಕಟ್ಟು ಕುಗ್ಗಲಿಲ್ಲ. ಸಿಡಿತಕ್ಕೆ ಮುಂಚಿನ ನನ್ನ ಅಕ್ಕ ಅಲ್ಲಿ ನಿಂತಿದ್ದಳು, ಭುಜ ಸಡಿಲ ಬಿಟ್ಟು, ತುಟಿಯ ತುದಿ ಕಚ್ಚಿಕೊಂಡು. ಈ ಸಾಲನ್ನು ಎಷ್ಟು ಉದ್ದ ಮಾಡಿದರೂ ನನಗೆ ಸಾಲದು. ಮ್ಯಾಗಜೀನ್ ಖಾಲಿಯಾಗಿ ಸ್ಲೈಡ್ ಹಿಂದೆಯೇ ನಿಂತುಬಿಟ್ಟಿತು.

"ಡಮ್ಮಿ ಬರಲೇ ಇಲ್ಲ," ಅಂದಳು.

ಪಿಸ್ತೂಲಿನವರು ಅದನ್ನು ಜೇಬಿನಿಂದ ತೆಗೆದು ಕಟ್ಟೆಯ ಮೇಲಿಟ್ಟರು. ನಾನು ಕಾಗದ ಎಳೆದೆ. ತೂತುಗಳೆಲ್ಲ ನಟ್ಟನಡುವೆ.

"ನೋಡಿದ್ರಾ, ಕೈ ಬಿಸಿಯಾಗಬೇಕಿತ್ತು ಅಷ್ಟೇ!" ಎಂದು ಯಜಮಾನರು ಚಪ್ಪಾಳೆ ತಟ್ಟಿದರು.

ಅಕ್ಕ ಕಾಗದ ನೋಡಿದಳು, ಡಮ್ಮಿ ನೋಡಿದಳು. "ಪಿಸ್ತೂಲು ಸರಿಯಿದೆ ಸಾರ್, ತಗೊಳ್ಳಿ. ಎಳೀತಿದ್ದಿದ್ದು ನಾನು. ಬೇರೆ ಕೋಚ್ ನೋಡ್ಕೊಳ್ಳಿ."

"ಏನಮ್ಮಾ ಇದು, ಈಗ ತಾನೇ ಅಷ್ಟು ಚೆನ್ನಾಗಿ ಹೊಡೆದೆ!"

"ಡಮ್ಮಿ ಇದೆ ಅಂದ್ಕೊಂಡು ಹೊಡೆದೆ. ದಿನಾ ಯಾರು ಸಾರ್ ನನಗೆ ಸುಳ್ಳು ಹೇಳ್ತಾರೆ?"

ಪಿಸ್ತೂಲಿನವರು ಪೆಟ್ಟಿಗೆಯಲ್ಲಿದ್ದ ಫ್ಲಾನೆಲ್ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. ಗೆದ್ದವರ ಮುಖ ಅಷ್ಟು ಬಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

೯

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತ ಅಕ್ಕ ನನ್ನನ್ನು ಕೇಳಿದಳು: "ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಇದಕ್ಕೆ ಮೂರು ಮುಕ್ತಾಯ ಬರೆದಿಟ್ಟಿದ್ದೇನೆ. ಬೇಕಾದ್ದು ಆರಿಸಿಕೊಳ್ಳಿ.

ಅ) "ಇಲ್ಲ ಅಕ್ಕ," ಅನ್ನುತ್ತೇನೆ. ಅವಳು ನಂಬುವುದಿಲ್ಲ. ಆದರೂ ತಂಗಿ ನನಗೋಸ್ಕರ ಸುಳ್ಳು ಹೇಳಿದಳು ಎಂದು ತಲೆಗೊಂದು ಮೊಟಕುತ್ತಾಳೆ.

ಆ) "ಗೊತ್ತಿತ್ತು," ಅನ್ನುತ್ತೇನೆ. ಅವಳ ಕೈಯಲ್ಲಿದ್ದ ಶೂ ನನ್ನ ಮೇಲೆ ಬರುತ್ತದೆ. "ಹೇಳೋಕೆ ಏನಾಗಿತ್ತೇ ನಿನಗೆ ಧಾಡಿ?" ಮಾರನೆಯ ದಿನದಿಂದ ಮ್ಯಾಗಜೀನಿಗೆ ಡಮ್ಮಿ ಸೇರಿಸಿ ಕೊಡುವುದು ನನ್ನ ಕೆಲಸ. ಬರಬರುತ್ತ ಅವಳ ಕೈ ಸರಿಹೋಗುತ್ತದೆ. (ನನಗೆ ತುಂಬ ಇಷ್ಟವಾದದ್ದು ಇದು. ಹತ್ತು ಸಲ ತಿದ್ದಿ ಬರೆದಿದ್ದೇನೆ.)

ಇ) ಅವಳನ್ನು ತಬ್ಬಿಕೊಂಡು ಅಳುತ್ತೇನೆ. (ಸಿನಿಮಾ. ಹೊಡೆದು ಹಾಕಿದೆ.)

"ಆಯ್ತಾ ನಿನ್ನ ಆಟ? ನಡೆದದ್ದು ಬರಿ," ಅಂದಳು ಅಕ್ಕ.

ನಡೆದದ್ದು ಇದು: ನಾನು ಏನೂ ಹೇಳಲಿಲ್ಲ. ಅವಳು ಕಾದಳು. ಬಿಚ್ಚಿದ ಶೂಗಳನ್ನು ಜೋಡಿಸಿಟ್ಟಳು, ಚಪ್ಪಲಿ ಹಾಕಿಕೊಂಡಳು, ಇನ್ನೂ ಸ್ವಲ್ಪ ಕಾದಳು. "ಸರಿ," ಎಂದು ಎದ್ದುಹೋದಳು.

ಈಗ ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ನಾವು ಸೋರುವ ನಲ್ಲಿಯ ಬಗ್ಗೆ, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡುತ್ತೇವೆ. ಜಗಳವಿಲ್ಲ. ಅವಳು ನನ್ನ ಜೊತೆ ಜಗಳ ಆಡುವುದನ್ನೇ ಬಿಟ್ಟಿದ್ದಾಳೆ. ಈ ಹಾಳೆಯ ಮೇಲಿನ ಅಕ್ಕ ಮಾತ್ರ ಸಾಲುಸಾಲಿಗೂ ಬೈಯುತ್ತಾಳೆ.

೧೦

"ಮುಗಿಸು, ಸಾಕು," ಅನ್ನುತ್ತಾಳೆ.

"ಮುಗಿಸಿದ್ರೆ ನೀನು ಎದ್ದು ಹೋಗ್ತೀಯ."

"ಹೋಗದೆ ಇನ್ನೇನು? ಎಷ್ಟು ಹೊತ್ತು ಅಂತ ಈ ಬೆಂಚಲ್ಲಿ ಕೂರಿಸ್ತೀಯ? ಕಾಲು ಜೋಮು ಹಿಡೀತು."

"ಇನ್ನೊಂದ್ಸಲ ಕೇಳು ಅಕ್ಕ. ಈ ಸಲ ಹೇಳ್ತೀನಿ."

"ಯಾರಿಗೆ ಹೇಳ್ತೀಯ? ಪ್ರಶ್ನೆನೂ ನೀನೇ ಬರೆದು ಉತ್ತರನೂ ನೀನೇ ಬರ್ಕೊಂಡ್ರೆ ನನಗೆ ಹೇಳಿದ ಹಾಗಾಯ್ತಾ? ನಾನು ಪಕ್ಕದ ಕೋಣೆಯಲ್ಲೇ ಇದೀನಲ್ಲೇ."

ಹೌದು, ಇದ್ದಾಳೆ. ಒಗೆದ ಬಟ್ಟೆ ಮಡಚುತ್ತಿದ್ದಾಳೆ. ಪ್ರತಿ ಮಡಿಕೆಗೂ ಅಂಗೈಯಿಂದ ಒಂದು ತಟ್ಟು ತಟ್ಟುವುದು ಇಲ್ಲಿಗೆ ಕೇಳಿಸುತ್ತದೆ. ಬಾಗಿಲು ಅರ್ಧ ತೆರೆದಿದೆ. ನಿಮಗೆ ಒಂದು ಕೊನೆ ಕೊಡಬೇಕಿತ್ತು, ಕೊಡಲು ಆಗುತ್ತಿಲ್ಲ, ಕ್ಷಮಿಸಿ. ಈ ಸಾಲನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.