ತಿರುಗುವ ಹಾಸಿಗೆ

ನಿವೃತ್ತಿಯಾದ ಮೇಲೆ ಸಿದ್ದರಾಮಪ್ಪನವರು ಹುಸೇನ್ ಸಾಗರ ಕೆರೆಯಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡರು. ಅದರ ಮುಂಭಾಗದಲ್ಲೊಂದು ಪುಟ್ಟ ಕೋಣೆ, ಕೋಣೆ ತುಂಬ ಒಂದೇ ಹಾಸಿಗೆ. ಅವರ ಹೆಂಡತಿ ಉಮಾಬಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಅದರಲ್ಲಿ ಒಂದು ಮಧ್ಯಾಹ್ನ ತಮಗೆ ನೆಮ್ಮದಿಯ ನಿದ್ದೆ ಬಂದರೆ ದೋಣಿ ಉಳಿಯುತ್ತದೆ, ಬಾರದಿದ್ದರೆ ಮಾರಬೇಕು.

ಆ ಭಾನುವಾರವೇ ಪರೀಕ್ಷೆ. ಹಾಸಿಗೆಯೋ ವಿಚಿತ್ರದ್ದು, ತಲೆಯ ಕಡೆ ಅಗಲ, ಕಾಲಿನ ಕಡೆ ಚೂಪು. ಅದಕ್ಕೆ ಸರಿಹೊಂದುವ ಗಾದಿ ಮಾಡಿಸಲು ಸಿದ್ದರಾಮಪ್ಪನವರು ಸಿಕಂದರಾಬಾದಿನ ಅಂಗಡಿಗಳನ್ನೆಲ್ಲ ಸುತ್ತಿದ್ದರು. ಕೆರೆಯ ನಡುವೆ ಲಂಗರು ಇಳಿಸಿ, ರೊಟ್ಟಿ ಪುಂಡಿಪಲ್ಲೆ ಉಂಡು ಇಬ್ಬರೂ ಅಡ್ಡಾದರು. ದೋಣಿ ಮೆಲ್ಲಗೆ ತೂಗತೊಡಗಿತು. ಈ ತೂಗಾಟಕ್ಕಾಗಿಯೇ ಸಿದ್ದರಾಮಪ್ಪನವರು ದೋಣಿ ಕೊಂಡದ್ದು.

ಕಣ್ಣು ಮುಚ್ಚುವಷ್ಟರಲ್ಲಿ ಉಮಾಬಾಯಿ ದಡಕ್ಕನೆ ಎದ್ದು ಕೂತರು. ಕಾಲ ಕಡೆಯ ಕಿಟಕಿಯಲ್ಲಿ, ಕೆರೆಯ ಬಂಡೆಯ ಮೇಲೆ ನಿಂತ ಬುದ್ಧನ ದೊಡ್ಡ ವಿಗ್ರಹ ಕಾಣುತ್ತಿತ್ತು. ಬುದ್ಧ ಇರುವುದು ದಕ್ಷಿಣಕ್ಕೆ, ಅಂದರೆ ಇವರ ತಲೆ ಉತ್ತರಕ್ಕೆ.

"ಉತ್ತರಕ್ಕ ತಲಿ ಹಾಕಿ ಮಲಗಿಸಾಕತ್ತೀರೇನ್ರಿ ನನ್ನ?"

ಗಾಳಿಗೆ ದೋಣಿ ತಿರುಗಿದೆ ಎಂದು ಎಷ್ಟು ತಿಳಿಹೇಳಿದರೂ ಆಕೆ ಕೇಳಲಿಲ್ಲ. ದಿಂಬು ಎತ್ತಿ ಚೂಪು ತುದಿಗೆ ಹಾಕಿ, ಗಂಡನನ್ನೂ ಹಾಗೇ ಮಲಗಿಸಿದರು. ಅಲ್ಲಿ ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ಹೇಗೋ ಜೊಂಪು ಹತ್ತುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು, ಬುದ್ಧ ಈಗ ಮತ್ತೆ ಕಾಲ ಕಡೆಗೇ, ಬಾಗಿಲಲ್ಲಿ ಬಂದು ನಿಂತ. ಮತ್ತೆ ದಿಂಬು ಎತ್ತಿದ್ದಾಯಿತು, ಮತ್ತೆ ತಿರುಗಿ ಮಲಗಿದ್ದಾಯಿತು. ಹಾಳಾದ ಗಾಳಿಗೆ ಅವತ್ತೇ ಇಷ್ಟು ಉಮೇದು ಬರಬೇಕೆ? ಸಿದ್ದರಾಮಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ನೀರಿನ ಮೇಲೆ ಎಂಥ ದಿಕ್ಕು, ಸುಮ್ಮನೆ ಮಲಗು ಎಂದು ರೇಗಿದರು.

ಉಮಾಬಾಯಿ ಚಾದರ ಮಡಚತೊಡಗಿದರು. ಚಾದರ ಮಡಚಿದರೆ ದೋಣಿ ಹೋದಂತೆಯೇ. ಸಿದ್ದರಾಮಪ್ಪನವರು ತಡಮಾಡದೆ ಲಂಗರು ಎತ್ತಿ ದೋಣಿಯನ್ನು ದಡಕ್ಕೆ ತಂದರು. ಬೆವರಿಳಿಸಿಕೊಂಡು, ಹಿಂದೆ ಮುಂದೆ ಹಗ್ಗ ಬಿಗಿದು, ಹಾಸಿಗೆಯ ಅಗಲದ ತುದಿ ಮೂಡಣಕ್ಕೆ ಬರುವಂತೆ ಅಲುಗದ ಹಾಗೆ ಕಟ್ಟಿದರು.

ಉಮಾಬಾಯಿ ಸೂರ್ಯ ಎಲ್ಲಿದ್ದಾನೆಂದು ಒಮ್ಮೆ ಇಣುಕಿ ನೋಡಿ ಮಲಗಿದರು, ಗೊರಕೆಯೂ ಶುರುವಾಯಿತು. ದೋಣಿ ಮನೆಯ ಮಂಚದಂತೆ ಬಿದ್ದುಕೊಂಡಿತ್ತು. ಪಕ್ಕದಲ್ಲಿ ಸಿದ್ದರಾಮಪ್ಪನವರಿಗೆ ಮಾತ್ರ ರೆಪ್ಪೆ ಅಂಟಲಿಲ್ಲ.

ಸಂಜೆ ಆಕೆ ಮೈಮುರಿದು ಎದ್ದರು. ಮುಖ ಅರಳಿತ್ತು.

"ಭಾಳ ಚಲೋ ನಿದ್ದಿ ಬಂತ್ರಿ. ದೋಣಿ ಮಾರಬ್ಯಾಡ್ರಿ. ಆದ್ರ ಈ ಹಗ್ಗ ಮಾತ್ರ ಎಂದೂ ಬಿಚ್ಚಬ್ಯಾಡ್ರಿ."

ಸಿದ್ದರಾಮಪ್ಪನವರು ಸುತ್ತಿಟ್ಟ ಹಾಯಿಯ ಕಡೆ ನೋಡುತ್ತ ಹೂಂ ಎಂದರು.