ವಿಳಾಸ ಸರಿಯಿಲ್ಲ

ಪಿಯುಸಿ ಫಲಿತಾಂಶ ಬರುವ ಸೋಮವಾರವೇ ಹಿರಿಯೂರಿನ ಹಾಲಸ್ವಾಮಿಯವರ ಸೈಬರ್ ಕೆಫೆಯ ಆರೂ ಕಂಪ್ಯೂಟರುಗಳು ಒಂದೇ ರಾಗ ಹಿಡಿದವು. ಯಾವ ಪುಟ ಕೇಳಿದರೂ, ವಿಳಾಸ ಸರಿಯಿಲ್ಲ ಎಂಬ ಇಂಗ್ಲಿಷ್ ಸಾಲು. ಧರ್ಮಪುರ, ಹರಿಯಬ್ಬೆ ಕಡೆಯ ಬಸ್ಸಿಳಿದವರೆಲ್ಲ ಮೆಟ್ಟಿಲ ಮೇಲೆ ನಿಂತು ಗೊಣಗುತ್ತಿದ್ದರು.

ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ. ಮೂಲೆಯ ಸರ್ವರನ್ನು ಹೊಂದಿಸಿದವಳೂ ನಾನೇ. ಒಮ್ಮೆ ತಂದ ಪುಟವನ್ನು ಅದು ತನ್ನಲ್ಲೇ ಇಟ್ಟುಕೊಂಡು, ಮತ್ತೊಬ್ಬರು ಕೇಳಿದಾಗ ಥಟ್ಟನೆ ಕೊಡುತ್ತಿತ್ತು. ನಮ್ಮ ಗಿರಾಕಿಗಳಿಗೆ ಉದ್ದದ ವಿಳಾಸ ಹೊಡೆಯುವ ತಾಳ್ಮೆಯಿಲ್ಲ. ಅದಕ್ಕೇ ಒಂದು ಸಣ್ಣ ಫೈಲ್ ಮಾಡಿದ್ದೆ. ಅದರಲ್ಲಿದ್ದದ್ದು ‘http://www.’ ಎಂಬ ಒಂದೇ ಸಾಲು. ಮೊದಲ ಸಾಲಿನಲ್ಲಿ ಏನಿದೆಯೋ ಅದನ್ನು ಸರ್ವರ್ ಪ್ರತಿ ವಿಳಾಸದ ಮುಂದೆ ತಾನೇ ಸೇರಿಸಿಕೊಳ್ಳುತ್ತಿತ್ತು.

“ಏನಮ್ಮ ಹೇಮಾ,” ಹಾಲಸ್ವಾಮಿ ಎಲ್ಲರಿಗೂ ಕೇಳುವಂತೆ ಅಂದರು, “ಶನಿವಾರ ಚೆನ್ನಾಗೇ ಇತ್ತಲ್ಲ? ಎದುರಿಗೆ ಹನುಮಂತಪ್ಪಾನೂ ಸೈಬರ್ ಅಂಗಡಿ ತೆಗೆದ, ಇಲ್ಲಿ ಕೆಡ್ತು. ಅವ್ನೇ ಹೇಳಿಕೊಟ್ನಾ ನಿಂಗೆ?”

ಮೈ ಉರಿದುಹೋಯಿತು. ಹನುಮಂತಪ್ಪ ನನ್ನನ್ನು ಕೆಲಸಕ್ಕೆ ಕರೆದದ್ದು ನಿಜ, ನಾನು ಒಲ್ಲೆನೆಂದದ್ದೂ ನಿಜ. ಈಗ ಬಾಯಿ ಬಿಟ್ಟರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತಿತ್ತು. ಮೆಟ್ಟಿಲ ಮೇಲೆ ನಮ್ಮ ಹರಿಯಬ್ಬೆಯವರೇ ಇದ್ದರು. ಮಗಳು ಉಂಡ ಮನೆಗೆ ಎರಡು ಬಗೆದಳಂತೆ ಎಂಬ ಮಾತು, ನಾನು ಊರು ಸೇರುವ ಮೊದಲೇ ಕುರಿಹಟ್ಟಿಯಲ್ಲಿದ್ದ ಅವ್ವನನ್ನು ಮುಟ್ಟುತ್ತಿತ್ತು.

ನನಗೂ ಅನುಮಾನ ಹುಟ್ಟಿತು. ಶನಿವಾರ ಹನುಮಂತಪ್ಪ ಮೇಲ್ ನೋಡುವ ನೆಪ ಹೇಳಿ ಬಂದು ಸರ್ವರ್ ಪಕ್ಕದಲ್ಲೇ ಕೂತಿದ್ದರು. ಅವರೇ ಕೈಯಾಡಿಸಿರಬೇಕು ಎಂದುಕೊಂಡೆ.

ಒಂದು ಕಂಪ್ಯೂಟರನ್ನು ಸರ್ವರಿನಿಂದ ಬಿಡಿಸಿ ನೇರ ಫೋನ್ ಲೈನಿಗೆ ಹಾಕಿದೆ. ಪುಟ ಬಂತು. ಹಾಗಾದರೆ ಕೇಡು ಸರ್ವರಿನಲ್ಲೇ. ಗಾಬರಿಯಲ್ಲಿ ಯಾರೂ ಪೂರ್ತಿ ಓದದಿದ್ದ ಆ ಇಂಗ್ಲಿಷ್ ಸಾಲನ್ನು ಕೊನೆಯವರೆಗೆ ಓದಿದೆ. ಕೇಳಿದ ಪ್ರತಿ ವಿಳಾಸದ ಮುಂದೆ ‘ಶ್ರೀ’ ಎಂದಿತ್ತು. ಫೈಲ್ ತೆರೆದೆ. ನನ್ನ ಸಾಲು ಕೆಳಗಿಳಿದಿತ್ತು, ಅದರ ತಲೆಯ ಮೇಲೆ ಶ್ರೀ ಕೂತಿತ್ತು.

ಕೊತ್ತಂಬರಿ ತರುವ ಚೀಟಿಗೂ ಶ್ರೀ ಹಾಕುವವರು ಹಿರಿಯೂರಿನಲ್ಲಿ ನನಗೆ ಗೊತ್ತಿದ್ದಂತೆ ಒಬ್ಬರೇ. ಫೈಲ್ ತೆರೆಯುವುದನ್ನು ನಾನೇ ಅವರಿಗೆ ಕಲಿಸಿದ್ದೆ.

“ನೀವೇ ಬರ್ದಿದ್ದಾ ಅಣ್ಣ?” ಹಾಲಸ್ವಾಮಿಯವರನ್ನು ಮೆಲ್ಲಗೆ ಕೇಳಿದೆ.

ಅವರು ಪರದೆಗೆ ಬಗ್ಗಿ ನೋಡಿದರು. “ಇವತ್ತು ಬೆಳಿಗ್ಗೆ ಪೂಜೆ ಮಾಡಿ ಫೈಲ್ ತೆಗೆದ್ನಮ್ಮ. ಮೇಲೆ ಶ್ರೀನೇ ಇರ್ಲಿಲ್ಲ. ಬೋಳುಬೋಳು ಕಾಣ್ತಿತ್ತು.”

ನಗು ಬಂತು, ಎದೆಯೂ ಹಗುರಾಯಿತು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಶ್ರೀಯನ್ನು ಅಳಿಸಿದೆ. ಫಲಿತಾಂಶ ಬಂತು. ಮೆಟ್ಟಿಲ ಮೇಲೆ ಕೇಕೆ ಎದ್ದಿತು.

ಹಾಲಸ್ವಾಮಿ ಜನರ ಕಡೆ ತಿರುಗಿದರು. “ವೈರಸ್ ಹೊಕ್ಕಿತ್ತು ಕಣ್ರಪ್ಪ, ತೆಗೆಸ್ದೆ. ಯಾರ ಕೆಲ್ಸಾನೋ, ದೇವ್ರೇ ಬಲ್ಲ.”

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನ್ನ ತಪ್ಪಿಲ್ಲವೆಂಬ ಒಂದು ಮಾತನ್ನಾದರೂ ಅವರು ಹೇಳುತ್ತಾರೆಂದು ಕಾದೆ.

“ಹೇಮಾ, ಹೋಗಿ ಒಂದ್ ಟೀ ಹೇಳಮ್ಮ,” ಅಂದರು.

ಕೆಳಗಿಳಿದು ಟೀ ಹೇಳಿದೆ. ಆಮೇಲೆ ರಸ್ತೆ ದಾಟಿ ಹನುಮಂತಪ್ಪನವರ ಅಂಗಡಿಗೆ ಹೋಗಿ, “ಆ ಕೆಲ್ಸ ಇನ್ನೂ ಐತಾ ಅಣ್ಣ?” ಎಂದು ಕೇಳಿದೆ.