ಅರ್ಧಕ್ಕೆ ನಿಂತ ಟೈಲರಮ್ಮನ ಮಾತು

ನಮ್ಮ ಬೀದಿಯ ಚರಂಡಿಯ ಮೇಲಿನ ಚಪ್ಪಡಿ ಒಡೆದು ಬಹಳ ಕಾಲವಾಗಿತ್ತು. ಎಲ್ಲರೂ ಅದನ್ನು ದಾಟುತ್ತಾರೆ, ಬೈಯುತ್ತಾರೆ, ಮನೆ ಸೇರುತ್ತಾರೆ. ವಾರ್ಡ್ ಸಭೆಯಲ್ಲಿ ಎದ್ದು ಕೇಳಿದವಳು ಒಬ್ಬಳೇ, ಮೂಲೆಮನೆಯ ಟೈಲರಮ್ಮ.

ಕೇಳಿದ್ದಕ್ಕೆ ಸಿಕ್ಕಿದ್ದೇನು? ಅವಳು ಬಾಯಿ ತೆರೆದು ಅರ್ಧ ಮಾತು ಆಡುವಷ್ಟರಲ್ಲಿ ನಮ್ಮ ವಾರ್ಡಿನ ಸದಸ್ಯ ಮೈಕು ಹಿಡಿದು, "ಬಟ್ಟೆ ಹೊಲಿಯೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ? ಮೊದಲು ನಿನ್ನ ಬಾಯಿಗೆ ನಾಲ್ಕು ಹೊಲಿಗೆ ಹಾಕ್ಕೋ" ಎಂದ. ಕೆಲವರು ನಕ್ಕರು. ಟೈಲರಮ್ಮ ಕೂತುಬಿಟ್ಟಳು.

ಅಳತೆ ತೆಗೆಯುತ್ತಾ ಊರ ಸುದ್ದಿಯೆಲ್ಲ ಹೇಳುತ್ತಿದ್ದವಳು ಆಮೇಲೆ "ಕೈ ಎತ್ತಿ", "ತಿರುಗಿ" ಅಷ್ಟೇ ಅನ್ನತೊಡಗಿದಳು. ಇನ್ನು ಯಾವ ಸಭೆಗೂ ಹೋಗುವುದಿಲ್ಲ ಎಂದಳು. ನನಗಂತೂ ತುಂಬ ಸಂಕಟವಾಯಿತು. ಮಾತಾಡುವವಳೇ ಸುಮ್ಮನಾದರೆ ನಮ್ಮ ಬೀದಿಗೆ ಯಾರು ದಿಕ್ಕು?

ಅವಳ ಪಕ್ಕದ ಮನೆಯಲ್ಲಿ ಹಿಂದೆ ಪುರಸಭೆಯ ಸದಸ್ಯೆಯಾಗಿದ್ದ ಅಕ್ಕ ಒಬ್ಬರಿದ್ದಾರೆ. ಬೀದಿಗೆಲ್ಲ ಅವರು "ಮಾಜಿ ಅಕ್ಕ". ಅಂಗಿಯ ತೋಳು ಗಿಡ್ಡ ಮಾಡಿಸಲು ಬಂದವರು ವಿಷಯ ತಿಳಿದು ಸ್ಟೂಲು ಎಳೆದುಕೊಂಡು ಕೂತರು.

"ದೂರು ಕೊಡು" ಎಂದರು.

ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಟೈಲರಮ್ಮನ ಗಂಡ ಹೊಸ್ತಿಲಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಅವನಿಗೆ ಎಲ್ಲದರ ಮೇಲೂ ಅನುಮಾನ. ತಾನೇ ಹಾಕಿದ ತೇಪೆಯನ್ನೂ ನಂಬದ ಆಸಾಮಿ.

"ಚೆನ್ನಾಗಿದೆ ಅಕ್ಕ. ಅವರ ಮೇಲೆ ಅವರಿಗೇ ದೂರು. ಅವರೇ ಓದ್ತಾರೆ, ಅವರೇ ಹರಿದು ಹಾಕ್ತಾರೆ."

"ಸದಸ್ಯನ ಕೈಗೆ ಕೊಡು ಅಂತ ಯಾರಂದ್ರಪ್ಪಾ? ದೂರು ತಗೊಳ್ಳೋದು ಕಚೇರಿಯ ಅಧಿಕಾರಿ. ಅವರು ಚುನಾವಣೆ ಗೆದ್ದು ಬಂದೋರಲ್ಲ. ಸದಸ್ಯರು ಹೇಗೆ ನಡ್ಕೋಬೇಕು ಅನ್ನೋದಕ್ಕೆ ನಿಯಮ ಇದೆ. ಅದನ್ನ ಪಾಲಿಸ್ತೀನಿ ಅಂತ ನಾನೂ ಸಹಿ ಹಾಕಿದ್ದೆ, ಅವನೂ ಹಾಕಿದಾನೆ. ಜನರನ್ನ ಗೌರವದಿಂದ ಕಾಣಬೇಕು ಅಂತ ಅದರಲ್ಲೇ ಇದೆ."

"ಆಮೇಲೆ?"

"ದೂರು ಆ ನಿಯಮದೊಳಗೆ ಬರುತ್ತಾ ಅಂತ ನೋಡ್ತಾರೆ. ಪುರಸಭೆಗೆ ಸೇರದ ಹೊರಗಿನೋರೊಬ್ಬರ ಅಭಿಪ್ರಾಯ ತಗೊಳ್ತಾರೆ. ಸದಸ್ಯನ ಮಾತೂ ಕೇಳ್ತಾರೆ. ಸಣ್ಣದಾದ್ರೆ ಕ್ಷಮೆ ಕೇಳಿಸಿ ಮುಗಿಸ್ತಾರೆ. ದೊಡ್ಡದಾದ್ರೆ ತನಿಖೆ, ವಿಚಾರಣೆ."

"ಅವನ ಕುರ್ಚಿ ಹೋಗುತ್ತಾ?"

"ಇದಕ್ಕೆಲ್ಲ ಕುರ್ಚಿ ಹೋಗಲ್ಲ. ಕುರ್ಚಿ ಬೇಕೋ ಬೇಡವೋ ಅನ್ನೋದು ನಿನ್ನ ಮತದಲ್ಲಿದೆ. ಆದರೆ ಛೀಮಾರಿ ಹಾಕಬಹುದು, ಹೇಗೆ ಮಾತಾಡ್ಬೇಕು ಅಂತ ಪಾಠಕ್ಕೆ ಕಳಿಸಬಹುದು."

"ಪಾಠಕ್ಕಾ?" ಅವನ ಮುಖ ಅರಳಿತು. "ಹಾಗಾದ್ರೆ ನಾನೇ ಬರೀತೀನಿ."

ಬರೆದೇಬಿಟ್ಟ. ಒಡೆದ ಚಪ್ಪಡಿ, ಉರಿಯದ ದೀಪ, ಸದಸ್ಯ ಕಾರನ್ನು ಅಡ್ಡ ನಿಲ್ಲಿಸುವುದು, ಸದಸ್ಯನ ಭಾವಮೈದನ ಜಂಬ, ಯಾವುದನ್ನೂ ಬಿಡಲಿಲ್ಲ. ಹೆಂಡತಿಗೆ ಆದ ಅವಮಾನ ಕೊನೆಯ ಸಾಲಿನಲ್ಲಿ ಹೇಗೋ ಜಾಗ ಹಿಡಿದಿತ್ತು. ಹಾಳೆಯನ್ನು ಪುರಸಭೆ ಕಚೇರಿಗೆ ಒಯ್ದು ಕೊಟ್ಟ. ಅಧಿಕಾರಿ ಪೂರ್ತಿ ಓದಿ ಕನ್ನಡಕ ತೆಗೆದರು.

"ಚಪ್ಪಡಿ, ದೀಪ ಎಲ್ಲ ರಿಪೇರಿ ವಿಭಾಗಕ್ಕೆ ಕೊಡಿ. ಭಾವಮೈದನ ಜಂಬಕ್ಕೆ ನಮ್ಮಲ್ಲಿ ವಿಭಾಗ ಇಲ್ಲ. ಸದಸ್ಯರು ಏನಂದ್ರು, ಯಾವತ್ತು, ಎಲ್ಲಿ, ಯಾರು ಕೇಳಿಸ್ಕೊಂಡ್ರು, ಅಷ್ಟೇ ಬೇಕು. ನೀವು ಅಲ್ಲಿದ್ರಾ?"

"ಇಲ್ಲ, ಅಂಗಡೀಲಿದ್ದೆ."

"ಹಾಗಾದ್ರೆ ನಿಮ್ಮ ಹೆಂಡ್ತೀನೇ ಬರೀಲಿ."

ಜೋಲು ಮುಖ ಹಾಕಿಕೊಂಡು ಬಂದವನ ಕೈಯಿಂದ ಹಾಳೆ ತೆಗೆದುಕೊಂಡು ಟೈಲರಮ್ಮ ಓದಿದಳು. ಓದುತ್ತಾ ಓದುತ್ತಾ ನಕ್ಕಳು. ಆ ಸಭೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಒಂದು ಅಂಗಿ ಹೊಲೀರಿ ಅಂದ್ರೆ ಚಾದರ, ಚೀಲ, ದಿಂಬಿನ ಕವರು ಎಲ್ಲಾ ಸೇರಿಸಿ ಹೊಲಿದಿದೀರಲ್ರೀ."

ಬೇಡದ್ದನ್ನೆಲ್ಲ ಕತ್ತರಿಸಿ, ನಡೆದದ್ದನ್ನು ನಡೆದ ಹಾಗೆ ಅವಳೇ ಬರೆದಳು. ಸಭೆಯಲ್ಲಿದ್ದ ನಾನೂ ನನ್ನ ಓರಗಿತ್ತಿಯೂ ಸಾಕ್ಷಿಗಳಾಗಿ ಸಹಿ ಹಾಕಿದೆವು. ದೂರು ಕಚೇರಿ ಸೇರಿತು.

"ತೀರ್ಮಾನ ಆಗೋವರೆಗೂ ಬೀದೀಲಿ ಡಂಗುರ ಹೊಡೀಬೇಡಿ" ಎಂದು ಮಾಜಿ ಅಕ್ಕ ಎಚ್ಚರಿಸಿದರು. "ಅವನ ಕಡೆಯಿಂದಲೂ ಹೇಳೋಕೆ ಏನಾದ್ರೂ ಇರುತ್ತೆ." ಅದರಿಂದ ಹೆಚ್ಚು ಕಷ್ಟಪಟ್ಟವನು ಗಂಡನೇ. ಸೈಕಲ್ ತಂದವರು ಕೆದಕಿ ಕೆದಕಿ ಕೇಳಿದರೂ ಪಾಪ ತುಟಿ ಪಿಟಕ್ಕೆನ್ನಲಿಲ್ಲ.

ಅಧಿಕಾರಿ ಕರೆದು ಕೇಳಿದಾಗ ಸದಸ್ಯ ಮೊದಲು "ತಮಾಷೆಗೆ ಅಂದೆ" ಎಂದನಂತೆ. ಯಾರಿಗೆ ತಮಾಷೆಯಾಯಿತು ಎಂದು ಅವರು ಕೇಳಿದ ಮೇಲೆ ತಪ್ಪು ಒಪ್ಪಿಕೊಂಡನಂತೆ. ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಕ್ಷಮೆ ಕೇಳಬೇಕೆಂದು ತೀರ್ಮಾನವಾಯಿತು.

ಮುಂದಿನ ಸಭೆಗೆ ಟೈಲರಮ್ಮ ಬಂದಳು. ಸದಸ್ಯ ಎದ್ದು ಗಂಟಲು ಸರಿಮಾಡಿಕೊಂಡ.

"ಹೋದ ಸಭೇಲಿ ಇವರಿಗೆ ನಾನು ಅಂದ ಮಾತು ತಪ್ಪು. ಕ್ಷಮಿಸಬೇಕು."

ಮೈಕು ಅವಳ ಕೈಗೆ ಬಂತು. ಥ್ಯಾಂಕ್ಸ್ ಹೇಳಿ ಕೂರುತ್ತಾಳೆ ಅಂದುಕೊಂಡೆವು.

"ಆಗಲಿ. ಹೋದ ಸಲ ನಾನು ಹೇಳ್ತಾ ಇದ್ದಿದ್ದು ಏನಂದ್ರೆ, ನಮ್ಮ ಬೀದಿ ಚಪ್ಪಡಿ ಒಡೆದಿದೆ. ಯಾವಾಗ ಹಾಕಿಸ್ತೀರಿ?"

ಈ ಸಲ ಯಾರೂ ನಗಲಿಲ್ಲ. ಸದಸ್ಯ ಜೇಬಿನಿಂದ ಪೆನ್ನು ತೆಗೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸದಸ್ಯರ ನಡತೆಗೆ ಏನು ನಿಯಮವಿದೆ, ದೂರನ್ನು ಯಾರಿಗೆ ಕೊಡಬೇಕು ಎಂದು ನಿಮ್ಮೂರ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ. ಭಾವಮೈದನನ್ನು ಬಿಟ್ಟುಬಿಡಿ. ಯಾರೋ ಗದರಿಸಿದರೆಂದು ನಿಮ್ಮ ಮಾತೂ ಎಲ್ಲಾದರೂ ಅರ್ಧಕ್ಕೆ ನಿಂತಿದ್ದರೆ, ಹೋಗಿ ಅದನ್ನು ಮುಗಿಸಿ ಬನ್ನಿ.